ಹೆಸರು ಹೇಳಬ್ಯಾಡ್ರಿ, ಬಾಯಾರ

ಬೈಲಹೊಂಗಲದಲ್ಲಿ ನನ್ನ ಹೊಟ್ಟೆಗೂ ಮೊಣಕಾಲಿಗೂ ಔಷಧ ಕೊಡುವ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಾಳೆ. ನನ್ನ ಹಾಗೆಯೇ ಆಯುರ್ವೇದ ಓದಿದವಳು, ಈಚೆಗೆ ವೃತ್ತಿಗೆ ಇಳಿದವಳು. ಹೋದಾಗಲೆಲ್ಲ, "ಮೇಡಂ, ನಿಮ್ಮ ಸರ್ವಿಸಿನ ಅನುಭವ ಬರದು ಕೊಡ್ರಿ, ನಮ್ಮಂಥಾವ್ರಿಗೆ ಉಪಯೋಗ ಆಗತೈತಿ" ಎಂದು ಗಂಟುಬೀಳುತ್ತಾಳೆ. ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು, ಇವುಗಳ ಬಗ್ಗೆ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. ಶಾಲು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿದೆ, ಅದರ ಪಾಡಿಗೆ ಇರಲಿ. ಬರೆಯುವುದಾದರೆ ಒಂದು ಔಷಧದ ಬಗ್ಗೆ ಮತ್ತು ಅದನ್ನು ತೆಗೆದುಕೊಂಡ ಒಬ್ಬ ಹೆಂಗಸಿನ ಬಗ್ಗೆ ಬರೆಯಬೇಕು. ಓದಿ ಹಗುರವಾಗುವಂಥದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಔಷಧ ಎಂದರೆ ಭಂಗಿ ಸೊಪ್ಪು. ಗಾಂಜಾ ಗಿಡದ್ದೇ ಎಲೆ. ನಾವು ಓದಿದ ಗ್ರಂಥಗಳಲ್ಲಿ ಅದಕ್ಕೆ ವಿಜಯಾ ಎನ್ನುತ್ತಾರೆ. ಜಾಯಿಕಾಯಿ, ಲವಂಗ, ಏಲಕ್ಕಿಯ ಜೊತೆ ಈ ಎಲೆಯನ್ನು ಸೇರಿಸಿ ಮಾಡುವ ಚೂರ್ಣ ಹಳೆಯ ಭೇದಿಗೆ, ಕರುಳಿನ ನುಲಿತಕ್ಕೆ, ಊಟ ಸೇರದವರಿಗೆ, ನೋವಿನಿಂದ ನಿದ್ದೆ ಹತ್ತದವರಿಗೆ ಕೊಡುವಂಥದ್ದು. ರೋಗವನ್ನು ಬೇರುಸಹಿತ ಕೀಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೋವಿಗೂ ಮನುಷ್ಯನಿಗೂ ನಡುವೆ ಸ್ವಲ್ಪ ಜಾಗ ಮಾಡಿಕೊಡುತ್ತದೆ, ಅಷ್ಟೇ. ಬಸುರಿಯರಿಗೆ, ಎದೆಯ ತೊಂದರೆ ಇದ್ದವರಿಗೆ, ಮನಸ್ಸು ಸ್ಥಿಮಿತದಲ್ಲಿ ಇಲ್ಲದವರಿಗೆ ಕೊಡಲೇಬಾರದು. ಈಗ ಇದರ ಎಣ್ಣೆ ಚಂದದ ಬಾಟಲಿಯಲ್ಲಿ ಬರುತ್ತದೆ, ಹನಿ ಹಾಕಲು ಕೊಳವೆಯೂ ಇರುತ್ತದೆ. ನಮ್ಮ ಕಾಲದಲ್ಲಿ ಎಲ್ಲವೂ ಕೈಕೆಲಸ.

ಆ ಕೆಲಸ ಕಲಿತದ್ದು ಕಿತ್ತೂರಿನಲ್ಲಿ. ಅಲ್ಲಿ ನನ್ನ ಮೇಲಿನ ವೈದ್ಯರು ಒಣಕಲು ದೇಹದ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹಿರಿಯರು. ಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಅದ್ದಿ ಹಿಂಡಿ, ಅದ್ದಿ ಹಿಂಡಿ, ಹಸಿರು ಪೂರ್ತಿ ಬಿಟ್ಟು ನೀರು ತಿಳಿಯಾಗುವ ತನಕ ತೊಳೆಸುತ್ತಿದ್ದರು. "ಇನ್ನೂ ಹಸರ ಬರಾಕ ಹತ್ತೇದ, ಕಣ್ಣ ಕಾಣೂದಿಲ್ಲೇನ?" ಎಂದು ಬೈಯುತ್ತಿದ್ದರು. ಆಮೇಲೆ ನೆರಳಲ್ಲಿ ಒಣಗಿಸಿ, ಆಕಳ ತುಪ್ಪದಲ್ಲಿ ಹದವಾಗಿ ಹುರಿಯಬೇಕು. ರೋಗಿಗೆ ಕೊಡುವುದನ್ನೆಲ್ಲ ತಾವು ಮೊದಲು ನಾಲಿಗೆಗೆ ಹಚ್ಚಿ ನೋಡುವುದು ಅವರ ನೇಮ. ಒಂದು ದಿನ ಹುರಿದ ಬಾಣಲೆಯ ತಳದ ತುಪ್ಪವನ್ನೂ ನೆಕ್ಕಿ ನೋಡಿದರು. ತುಪ್ಪ ಅದರ ಶಕ್ತಿಯನ್ನು ಹೀರಿಕೊಂಡಿರುತ್ತದೆ ಎಂದು ನನಗೆ ಪಾಠ ಹೇಳಿದವರೂ ಅವರೇ! ಆವತ್ತು ಮಧ್ಯಾಹ್ನ ರೋಗಿಗಳು ಸಾಲುಗಟ್ಟಿ ಕೂತಿದ್ದರೆ ಇವರು ಕುರ್ಚಿಯಲ್ಲಿ ಒರಗಿ ಜಂತೆಗಳನ್ನು ನೋಡುತ್ತ ಮುಗುಳ್ನಗುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ನಕ್ಕದ್ದನ್ನು ಜನ ನೋಡಿದ್ದು ಅದೊಂದೇ ಸಲ. ಎಲ್ಲರೂ ಬಲು ಪ್ರೀತಿಯಿಂದ ನೆನೆಸಿಕೊಳ್ಳುತ್ತಿದ್ದರು.

ಅವರು ನನಗೆ ಕೊಟ್ಟ ಇನ್ನೊಂದು ನೇಮ, ಏನು ಕೊಡುತ್ತೇವೋ ಅದರ ಹೆಸರು ಹೇಳಿ ಕೊಡಬೇಕು ಎನ್ನುವುದು. "ಹೊಟ್ಟಿಯೊಳಗ ಏನ ಹೋತು ಅಂತ ತಿಳಕೊಳ್ಳೂದು ಅವರ ಹಕ್ಕು" ಎನ್ನುತ್ತಿದ್ದರು. ಈ ನೇಮವನ್ನು ತಲೆಯ ಮೇಲೆ ಹೊತ್ತುಕೊಂಡು ನಾನು ಮನೋಳಿಗೆ ಹೋದೆ. ಮಲಪ್ರಭೆಯ ದಂಡೆಯ ಊರು, ಎರಡು ಕೋಣೆಯ ದವಾಖಾನೆ, ಮುಂದೊಂದು ಬೇವಿನ ಮರ. ಡಾಕ್ಟರಮ್ಮನಾದ ನನ್ನನ್ನು ಅಲ್ಲಿ ಎಲ್ಲರೂ ಮರ್ಯಾದೆಯಿಂದ ಬಾಯಾರು ಎನ್ನುತ್ತಿದ್ದರು. ಅಲ್ಲಿಯ ಜನರ ನೇಮ ನನ್ನದಕ್ಕೆ ಪೂರಾ ಉಲ್ಟಾ. ಔಷಧದ ಹೆಸರು ಬಾಯಿಂದ ಹೊರಬಿದ್ದರೆ ಅದರ ಗುಣ ಹೋಗುತ್ತದೆ ಎಂದು ಅವರ ನಂಬಿಕೆ. ಹಳ್ಳಿಯ ನಾಟಿವೈದ್ಯರು ಬೇರು ತರುವಾಗ ಹಿಂತಿರುಗಿ ನೋಡುವುದಿಲ್ಲ, ಗಿಡದ ಹೆಸರು ಮಗನಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ. ತೆಗೆದುಕೊಂಡವರೂ ಕೊಟ್ಟವರ ಹೆಸರು ಎತ್ತುವುದಿಲ್ಲ. ನಾನು ಪುಡಿ ಕಟ್ಟುತ್ತ "ಇದರೊಳಗ..." ಎಂದು ಶುರುಮಾಡಿದರೆ ಸಾಕು, ಎದುರಿಗಿದ್ದವರು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಿರಸಂಗಿಯಿಂದ ಒಬ್ಬ ನಿವೃತ್ತ ಮಾಸ್ತರರು ಬರುತ್ತಿದ್ದರು. ಪೂಜೆ ಪುರಾಣದ ಮನೆತನ, ಸಂಸ್ಕೃತ ಬಲ್ಲವರು. ವಿಜಯಾ ಎಂದ ಕೂಡಲೇ ಅದರ ಗುಣಗಳನ್ನು ಶ್ಲೋಕದಲ್ಲಿ ಹೇಳಿ ನನ್ನನ್ನೇ ಪರೀಕ್ಷೆ ಮಾಡಿದರು. ನಾನು ಬೇಕಂತಲೇ "ಅಂದರ ಭಂಗಿ ಸೊಪ್ಪರಿ, ಮಾಸ್ತರ" ಎಂದೆ. ಅವರು ಪಂಚೆ ಕೊಡವಿ ಎದ್ದು ನಿಂತರು. "ಸಂಸ್ಕೃತದೊಳಗ ಹೇಳಿದ್ರ ಅಡ್ಡಿ ಇಲ್ಲ. ಕನ್ನಡದೊಳಗ ಯಾಕ ಹೇಳಿದ್ರಿ? ಈಗ ಗುಣ ಅರ್ಧಾ ಹೋತು ನೋಡ್ರಿ" ಎಂದು ಸಿಟ್ಟಾದರು. ಉಳಿದ ಅರ್ಧ ಗುಣವನ್ನು ಮಾತ್ರ ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಹೋದರು. ಇಂಥವರನ್ನು ಕಂಡು ನಗುತ್ತ ನಾನು ಮನೋಳಿಯಲ್ಲಿ ದಿನ ಕಳೆದೆ. ಆ ನಗುವಿಗೆ ಶಾಂತವ್ವ ಒಂದು ಕೊನೆ ಹಾಡಿದಳು.

ಶಾಂತವ್ವ ರೊಟ್ಟಿ ಬಡಿದು ಮಾರುವವಳು. ಮನೋಳಿಯ ಖಾನಾವಳಿಗಳಿಗೆ, ಸವದತ್ತಿಯ ಅಂಗಡಿಗಳಿಗೆ ಆಕೆಯ ರೊಟ್ಟಿಯೇ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಒಲೆಯ ಮುಂದೆ ಕೂತವಳು ಒಬ್ಬಳೇ ಮಗಳು ಗಿರಿಜಾಳನ್ನು ಅದರಲ್ಲೇ ಓದಿಸಿದಳು. ದವಾಖಾನೆಯ ಹಿಂದಿನ ಓಣಿಯಲ್ಲೇ ಮನೆ. ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗ ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಡುನಡುವೆ ನಿಲ್ಲುತ್ತಿತ್ತು. ಯಾಕೆಂದು ಆಕೆ ನನ್ನ ಹತ್ತಿರ ಬಂದ ಮೇಲೆ ತಿಳಿಯಿತು. ಕರುಳಿನಲ್ಲಿ ಹುಣ್ಣು, ಬಾವು. ನುಲಿತ ಬಂದಾಗ ಹೊಟ್ಟೆ ಹಿಡಿದುಕೊಂಡು ಹಿಟ್ಟಿನ ಕೈಯಲ್ಲೇ ಬಗ್ಗಿಬಿಡುತ್ತಿದ್ದಳು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನೋಡಿ ಗುಳಿಗೆ ಕೊಟ್ಟಿದ್ದರು. ಅವನ್ನು ಬಿಡಬಾರದು ಎಂದು ನಾನೂ ಹೇಳಿದೆ. ಗುಳಿಗೆ ರೋಗವನ್ನು ಒಂದಿಷ್ಟು ಹಿಡಿದಿಟ್ಟಿತ್ತು, ನೋವನ್ನಲ್ಲ.

"ನಿನಗೇನ ಆಗಬೇಕು ಹೇಳವ್ವ" ಎಂದು ಕೇಳಿದೆ. ರೋಗಿಗಳನ್ನು ಹೀಗೆ ಕೇಳುವುದು ಒಳ್ಳೆಯದು, ಹೊಸಬರು ರೂಢಿ ಮಾಡಿಕೊಳ್ಳಿ. ಅವರ ಉತ್ತರ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ.

"ಒಂದು ರೊಟ್ಟಿ ತಿನ್ನಬೇಕ್ರಿ, ಬಾಯಾರ" ಎಂದಳು. "ಊರಿಗೆಲ್ಲಾ ಬಡದ ಕೊಡತೇನಿ. ನಾ ಮಾತ್ರ ಗಂಜಿ ಕುಡದು ಮಲಗತೇನಿ. ಹಂಚಿನ ಮ್ಯಾಲಿಂದ ಇಳಿಸಿದ್ದು, ಉಬ್ಬಿದ್ದು, ಬಿಸೀದು ಒಂದ. ಶೇಂಗಾ ಚಟ್ನಿ ಹಚ್ಚಿಕೊಂಡು ಮಗಳ ಜೋಡಿ ಕುಂತು ತಿನ್ನಬೇಕು. ಮತ್ತೇನೂ ಬ್ಯಾಡ."

ಚೂರ್ಣ ತೂಗಿ ಪೊಟ್ಟಣ ಕಟ್ಟಿದೆ. ಮಜ್ಜಿಗೆಯಲ್ಲಿ ಕಲಸಿ ಕುಡಿ, ತುಪ್ಪದ ಜೊತೆ ಬೇಡ, ಹೇಳಿದ್ದಕ್ಕಿಂತ ಚಿಟಿಕೆಯೂ ಹೆಚ್ಚು ಬೇಡ ಎಂದೆ. ಆಮೇಲೆ ನನ್ನ ನೇಮದಂತೆ, "ಇದರೊಳಗ ಏನೈತಿ ಅಂದ್ರ..." ಎಂದೆ. ಆಕೆ ಗಬಕ್ಕನೆ ಕಿವಿ ಮುಚ್ಚಿಕೊಂಡಳು. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು, ಕೈಯ ಹಿಟ್ಟು ಕಿವಿಗೂ ಕೆನ್ನೆಗೂ ಮೆತ್ತಿತು.

"ಹೆಸರು ಹೇಳಬ್ಯಾಡ್ರಿ, ಬಾಯಾರ. ಗುಣ ಹೋಗತೈತಿ. ನಿಮ್ಮ ಪಾದ ಹಿಡಕೋತೇನಿ."

ನಾನು ಹಟಮಾರಿ. ಆದರೆ ಆ ಮುಖ ನೋಡಿ ಬಾಯಿ ಮುಚ್ಚಿದೆ. ಮಗಳನ್ನು ಕರೆಸಿ ಆಕೆಗೆ ಎಲ್ಲ ವಿವರಿಸಿದೆ. ಏನು, ಎಷ್ಟು, ತಲೆ ಸುತ್ತಿದರೆ ಏನು ಮಾಡಬೇಕು, ಎಲ್ಲ. ಗಿರಿಜಾ ತಾಯಿಯ ಮುಂದೆ ಎಂದೂ ಆ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಗಿರಿಜಾ ದವಾಖಾನೆಗೆ ಓಡಿ ಬಂದು, "ಬಾಯಾರ, ಲಗೂನ ಬರ್ರಿ" ಎಂದಳು. ಏನೋ ಅನಾಹುತ ಎಂದುಕೊಂಡು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಹೋದೆ. ಶಾಂತವ್ವ ಒಲೆಯ ಪಕ್ಕ ಕಾಲು ಚಾಚಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಅರ್ಧ ಮುಗಿಸಿದ್ದಳು. ಅಂಚಿನ ಕರಕನ್ನೂ ಬಿಡದೆ ನಿಧಾನವಾಗಿ ಅಗಿದು, ನುಂಗಿ, ಹೊಟ್ಟೆ ಏನನ್ನುತ್ತದೆ ಎಂದು ಕಾಯುತ್ತಿದ್ದಳು. ಅದು ಸುಮ್ಮನಿತ್ತು. "ನೀವೂ ಕೂಡ್ರಿ" ಎಂದು ನನಗೂ ಒಂದು ರೊಟ್ಟಿ ಇಳಿಸಿ ಹಾಕಿದಳು. ನನ್ನ ವೃತ್ತಿಯಲ್ಲಿ ಆ ಮಧ್ಯಾಹ್ನಕ್ಕಿಂತ ದೊಡ್ಡ ಸಂಬಳ ನನಗೆ ಸಿಕ್ಕಿಲ್ಲ.

ಎರಡು ಸುಗ್ಗಿ ಹೀಗೆ ಚೆನ್ನಾಗಿ ಹೋದವು. ಬೆಳಗಿನ ಸಪ್ಪಳ ಈಗ ನಿಲ್ಲುತ್ತಿರಲಿಲ್ಲ. ಗಿರಿಜಾಳಿಗೆ ರಾಮದುರ್ಗದಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಸೀರೆ ನೇಯುವ ಮನೆತನದವನು, ಹುಡುಗಿಯನ್ನು ತಾನೇ ಮೆಚ್ಚಿದ್ದ. ನಿಶ್ಚಯ ಕಾರ್ಯಕ್ಕೆ ಬೀಗರು ಮನೋಳಿಗೆ ಬಂದರು. ಅಡುಗೆಮನೆಯ ಮೂಲೆಯಲ್ಲಿ ಶಾಂತವ್ವ ಊಟಕ್ಕೆ ಮುಂಚೆ ಮಜ್ಜಿಗೆಯಲ್ಲಿ ಪುಡಿ ಕಲಸುತ್ತಿರುವಾಗ, ಹುಡುಗನ ತಾಯಿ ನೀರು ಕೇಳಲು ಒಳಗೆ ಬಂದರು. ಆ ವಾಸನೆಗೆ ಅವರು ಬಾಗಿಲಲ್ಲೇ ನಿಂತುಬಿಟ್ಟರು.

ಮುಂದಿನದನ್ನು ಗಿರಿಜಾ ಅಳುತ್ತ ಹೇಳಿದ ಹಾಗೆ ಬರೆಯುತ್ತೇನೆ.

"ಇದೇನ್ರಿ ಬೀಗತಿ?" ಎಂದರಂತೆ ಆಕೆ.

"ಔಷಧಾರಿ."

"ಏನ ಔಷಧ? ಹೆಸರೇನ?"

"ಹೆಸರು ಗೊತ್ತಿಲ್ರಿ." ಅದು ನಿಜವೇ ಆಗಿತ್ತು.

"ಕೊಟ್ಟಾವ್ರು ಯಾರು?"

ಶಾಂತವ್ವ ಮಜ್ಜಿಗೆಯ ಲೋಟ ಹಿಂದೆ ಸರಿಸಿದಳು. ಕೊಟ್ಟವರ ಹೆಸರನ್ನೂ ಹೇಳುವಂತಿಲ್ಲವಲ್ಲ. ಗಿರಿಜಾ ಬಾಯಿ ತೆರೆಯಲು ಹೋದರೆ, ತಾಯಿ ಕಣ್ಣಲ್ಲೇ ಬೇಡಿಕೊಂಡಳು. ಬೀಗತಿಯ ದನಿ ಏರಿತು. "ಈ ವಾಸನಿ ನನಗ ಗೊತ್ತೈತಿ. ನನ್ನ ತಮ್ಮ ಇದನ್ನ ಸೇದಿ ಸೇದಿ ಮನಿ ಮಠಾ ಬಿಟ್ಟು ಹ್ವಾದಾ. ಇವತ್ತಿಗೂ ಎಲ್ಲಿದ್ದಾನೋ ಗೊತ್ತಿಲ್ಲ. ಇದು ಇರೂ ಮನಿಯಿಂದ ನಾ ಸೊಸಿ ತರೂದಿಲ್ಲ."

ಮಗಳ ಮದುವೆ ಕೈಬಿಟ್ಟು ಹೋಗುವುದನ್ನು ಕಂಡ ಶಾಂತವ್ವ ಇದ್ದ ಪೊಟ್ಟಣಗಳನ್ನೆಲ್ಲ ಬಾಚಿ ಉರಿಯುವ ಒಲೆಗೆ ಹಾಕಿಬಿಟ್ಟಳು. "ಹೋತ್ರಿ, ಇನ್ನ ಇಲ್ಲ, ಎಂದೂ ತಗೊಳ್ಳೂದಿಲ್ಲ" ಎಂದಳಂತೆ. ಅದು ಏನೆಂದು ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಒಲೆಯಿಂದ ಎದ್ದ ಹೊಗೆ ಪಡಸಾಲೆ ತುಂಬಿತು. ಅಲ್ಲಿ ಕೂತಿದ್ದ ಗಂಡಸರೆಲ್ಲ ಮೂಗು ಅರಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗರು ಊಟ ಮಾಡದೆ ಎದ್ದರು. ಬಡಿದಿಟ್ಟ ರೊಟ್ಟಿಯೆಲ್ಲ ಬುಟ್ಟಿಯಲ್ಲೇ ಉಳಿಯಿತು.

ವಾರ ಕಳೆಯುವುದರೊಳಗೆ ನುಲಿತ ಮರಳಿತು. ಔಷಧ ಕೊಡಲು ಹೋದರೆ, "ಬ್ಯಾಡ್ರಿ, ಅವರಿಗೆ ಗೊತ್ತಾದ್ರ ಇದ್ದ ಒಂದ ಆಸೆನೂ ಹೋಗತೈತಿ" ಎಂದಳು. ನನ್ನ ಸಿಟ್ಟು ನೆತ್ತಿಗೇರಿತು. ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತಿದೆ.

ಬೀಗತಿ ನಾನು ಎಣಿಸಿದಂಥ ಜಗಳಗಂಟಿ ಆಗಿರಲಿಲ್ಲ. ಚಹಾ ಕೊಟ್ಟರು, ಮಗ್ಗದ ಸದ್ದು ನಿಲ್ಲಿಸಿದರು, ಮನೆಯವರನ್ನೂ ಅಕ್ಕಪಕ್ಕದ ಹಿರಿಯರನ್ನೂ ಕರೆದು ಕೂರಿಸಿದರು. ನಾನು ಡಬ್ಬಿ ತೆರೆದಿಟ್ಟೆ. "ಇದು ಭಂಗಿ ಸೊಪ್ಪರಿ. ಮುಚ್ಚಿಡೂದೇನೂ ಇಲ್ಲ. ಕೊಟ್ಟಾಕಿ ನಾನು. ಶಾಂತವ್ವಗ ಇದರ ಹೆಸರ ಗೊತ್ತಿಲ್ಲ" ಎಂದು, ರೋಗ ಏನು, ಪ್ರಮಾಣ ಏನು, ನಶೆಗೂ ಇದಕ್ಕೂ ಇರುವ ಅಂತರ ಏನು, ಎಲ್ಲ ಬಿಡಿಸಿ ಹೇಳಿದೆ.

ಬೀಗತಿ ಬಹಳ ಹೊತ್ತು ಡಬ್ಬಿಯನ್ನೇ ನೋಡುತ್ತಿದ್ದರು. "ನನ್ನ ತಮ್ಮನೂ ಮೊದಲ ನೋವಿಗೇ ಅಂತ ಶುರು ಮಾಡಿದ್ದ, ಬಾಯಾರ. ನಡು ಬಿದ್ದಿತ್ತು ಅವಂಗ" ಎಂದರು.

"ಅವಂಗ ತೂಗಿ ಕೊಡಾವ್ರು ಯಾರೂ ಇರಲಿಲ್ಲ" ಎಂದೆ.

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೀವು ಮನಿ ತನಕಾ ಬಂದೀರಿ. ಆ ತಾಯಿ ತಿನ್ನೋ ಔಷಧಾ ಸುಡಿಸಿದ್ನಲ್ಲ ನಾನು. ಲಗ್ನ ನಿಂದ್ರೂದಿಲ್ಲ ಅಂತ ಹೇಳ್ರಿ" ಎಂದರು.

ಗೆದ್ದುಬಂದವಳ ಹಾಗೆ ನಾನು ಬಸ್ಸಿನಿಂದ ಇಳಿದು ನೇರವಾಗಿ ಶಾಂತವ್ವನ ಮನೆಗೆ ಹೋದೆ. ಸುದ್ದಿ ಕೇಳಿ ಆಕೆ ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಹೊಸ ಪೊಟ್ಟಣ ಕೈಗಿಟ್ಟೆ. ಆಕೆ ಅದನ್ನು ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು:

"ಹೆಸರು ಹೇಳಿದ್ರೇನ್ರಿ, ಅಲ್ಲೆ?"

"ಹೇಳಿದೆ ಶಾಂತವ್ವ. ಹೇಳದ ಹ್ಯಾಂಗ ಒಪ್ಪತಾರ?"

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಛಲೋ ಮಾಡಿದ್ರಿ" ಎಂದಳು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ವಾಸಿ ಇತ್ತು.

ನನ್ನ ಮಾತಿಗೆ ಬೆಲೆ ಕೊಟ್ಟು ಆಕೆ ಪುಡಿ ತೆಗೆದುಕೊಂಡಳು. ಅದೇ ಸೊಪ್ಪು, ಅದೇ ತೊಳೆತ, ಅದೇ ಮಜ್ಜಿಗೆ. ಹತ್ತಲಿಲ್ಲ. ಸಂಗ್ರಹ ಹಳೆಯದಾಯಿತೇನೋ ಎಂದು ಹೊಸದು ತರಿಸಿದೆ. ಕಿತ್ತೂರಿನ ಆ ಹಿರಿಯರಿಗೆ ಫೋನ್ ಮಾಡಿ ಕೇಳಿದೆ, ಅವರು ಹೇಳಿದಂತೆ ಸೊಪ್ಪನ್ನು ಹಾಲಿನಲ್ಲಿ ಬೇಯಿಸಿ ಮಾಡಿ ನೋಡಿದೆ. ಪ್ರಮಾಣವನ್ನು ಧೈರ್ಯ ಇದ್ದಷ್ಟು ಏರಿಸಿದೆ. ತಲೆ ಸುತ್ತಿತು, ಬಾಯಿ ಒಣಗಿತು. ನೋವು ಮಾತ್ರ ಕೂತಲ್ಲಿಂದ ಕದಲಲಿಲ್ಲ. ಬೆಳಗಾವಿಗೆ ಕಳಿಸಿದೆ. ಸ್ಕ್ಯಾನ್ ಮಾಡಿದವರು ಕರುಳು ಒಂದು ಕಡೆ ಕಿರಿದಾಗಿದೆ, ರೋಗ ಮುಂದೆ ಹೋಗಿದೆ ಎಂದರು. ಅದೇ ಕಾರಣ ಇದ್ದೀತು. ಡಾಕ್ಟರಾಗಿ ನಾನು ಅದನ್ನೇ ನಂಬಬೇಕು. ಆದರೆ ಹೊಟ್ಟೆ ಹಿಡಿದುಕೊಂಡು ಬಗ್ಗಿದ ಆಕೆಯ ಎದುರು ಕೂತಾಗ ನನಗೆ ಸ್ಕ್ಯಾನಿನ ಮಾತು ನೆನಪಾಗುತ್ತಿರಲಿಲ್ಲ, ರಾಮದುರ್ಗದ ಆ ಪಡಸಾಲೆ ನೆನಪಾಗುತ್ತಿತ್ತು.

ಮದುವೆ ನಡೆಯಿತು. ಶಾಂತವ್ವ ಹೊಸ ಸೀರೆ ಉಟ್ಟು, ಪಂಕ್ತಿಯ ಉದ್ದಕ್ಕೂ ತಾನೇ ರೊಟ್ಟಿ ಬಡಿಸುತ್ತ ಬಂದಳು. ಬೀಗತಿ ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಒಂದ ತುತ್ತ ತಿನ್ರಿ, ನನ್ನ ಸಲುವಾಗಿ" ಎಂದರು. ಆಕೆ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಬೇರೆ ಕಡೆ ನೋಡುವಾಗ ಸೆರಗಿಗೆ ಉಗುಳಿದ್ದನ್ನು ನಾನು ನೋಡಿದೆ.

ಕೊನೆಯ ದಿನಗಳಲ್ಲಿ ನಾನು ದಿನವೂ ಹೋಗುತ್ತಿದ್ದೆ. ಔಷಧ ಕೊಡಲಿಕ್ಕೇನೂ ಅಲ್ಲ, ಸುಮ್ಮನೆ ಕೂರಲು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. "ನಾ ಹೆಸರು ಹೇಳಬಾರದಿತ್ತೇನ, ಶಾಂತವ್ವ?" ಎಂದುಬಿಟ್ಟೆ. ಇಷ್ಟು ಓದಿದವಳು ಕೇಳುವ ಪ್ರಶ್ನೆಯೇ ಅದು!

ಆಕೆ ನನ್ನ ಕೈ ಸವರಿದಳು. ಆ ಕೈಯಲ್ಲಿ ಹಿಟ್ಟು ಇರಲಿಲ್ಲ, ಒಲೆ ಹೊತ್ತಿಸಿ ಬಹಳ ದಿನವಾಗಿತ್ತು. "ಹಂಗ್ಯಾಕ ಅಂತೀರಿ? ಅದರ ಗುಣಾ ಎಲ್ಲಿಗೂ ಹೋಗಿಲ್ರಿ. ನನ್ನ ಹೊಟ್ಟಿ ಬಿಟ್ಟು ಮಗಳ ಹಣೆಬಾರಕ್ಕ ಹತ್ತೇತಿ. ನಾನೇ ಕೊಟ್ಟೆ ಅಂತ ತಿಳಕೊಂಡೇನಿ."

ಕೆಲವು ದಿನಗಳಲ್ಲಿ ಆಕೆ ಹೋದಳು. ಓಣಿಯಲ್ಲಿ ಬೇರೆ ಯಾರದೋ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂದರೂ ನನಗೆ ಆ ಊರು ಸಾಕಾಯಿತು. ವರ್ಗಾವಣೆ ಕೇಳಿ ತೆಗೆದುಕೊಂಡೆ. ಹೆಸರು ಹೇಳಿ ಕೊಡುವ ನೇಮವನ್ನು ಮಾತ್ರ ಬಿಡಲಿಲ್ಲ. ನೀವೂ ಬಿಡಬೇಡಿ. ರೋಗಿಗೆ ತನ್ನ ಹೊಟ್ಟೆಗೆ ಹೋಗುವುದು ಏನೆಂದು ಗೊತ್ತಿದ್ದರೆ ಅದನ್ನು ಒಲೆಗೆ ಹಾಕುವ ಪ್ರಸಂಗ ಬರುವುದಿಲ್ಲ. ಆದರೆ ಎದುರಿಗಿದ್ದವರು ಕಿವಿ ಮುಚ್ಚಿಕೊಂಡರೆ ನಗಬೇಡಿ. ಮಾತು ನಿಲ್ಲಿಸಿ, ಅವರು ಕೈ ಇಳಿಸುವ ತನಕ ಕಾಯಿರಿ.

ಗಿರಿಜಾ ಈಗಲೂ ವರ್ಷಕ್ಕೊಮ್ಮೆ ರಾಮದುರ್ಗದಿಂದ ಬರುತ್ತಾಳೆ. ಅತ್ತೆ ಕಳಿಸಿದ ಸೀರೆ, ತಾನು ಬಡಿದ ರೊಟ್ಟಿಯ ಗಂಟು ತರುತ್ತಾಳೆ. ಆಕೆಯ ಕೈಯಲ್ಲಿ ತಾಯಿಯದೇ ಹದ ಇದೆ. ಈ ಸಲ ತಂದದ್ದನ್ನು ನನಗೆ ತಿನ್ನಲಾಗಲಿಲ್ಲ. ನನ್ನ ಕರುಳೂ ಈಗ ಮುದುಡಿ ಕೂತಿದೆ, ಮೊಣಕಾಲಿನ ನೋವು ಬೇರೆ. ತಟ್ಟೆಯಲ್ಲಿ ರೊಟ್ಟಿ ಇಟ್ಟುಕೊಂಡು ಗಂಜಿ ಕುಡಿದೆ. ಗಿರಿಜಾ ನೋಡಿದಳು.

ಮರುದಿನ ನಾನು ಮೊದಲು ಹೇಳಿದ ಆ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಎಲ್ಲ ನೋಡಿ, ಕೇಳಿ, ಕಪಾಟಿನಿಂದ ಒಂದು ಸಣ್ಣ ಬಾಟಲಿ ತೆಗೆದಳು. ಮುಚ್ಚಳ ತಿರುವಿದ ಕೂಡಲೇ ವಾಸನೆ ಬಂತು. ಕಿತ್ತೂರಿನ ನೀರಿನ ಬಾನಿ, ಬಟ್ಟೆಯ ಗಂಟು, ಮನೋಳಿಯ ಒಲೆ, ಎಲ್ಲ ಒಮ್ಮೆಲೇ ಮೂಗಿಗೆ ಬಂದು ಕಣ್ಣು ತುಂಬಿತು. ಆಕೆ ಪಾಪ, ಒಳ್ಳೆಯ ವೈದ್ಯೆ, ನೇಮ ಬಲ್ಲವಳು. "ಮೇಡಂ, ನಿಮಗ ಗೊತ್ತಿದ್ದದ್ದೇ ಐತಿ, ಆದ್ರೂ ನಾ ಹೇಳಬೇಕು. ಇದರೊಳಗ ಏನೈತಿ ಅಂದ್ರ..." ಎಂದು ಶುರುಮಾಡಿದಳು.

ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು ಕಿವಿ ಮುಚ್ಚಿಕೊಂಡವು. ಆಕೆ ಮಾತು ನಿಲ್ಲಿಸಿದಳು. ನಗಲಿಲ್ಲ. ಬಾಟಲಿ ಹಿಡಿದುಕೊಂಡು, ನಾನು ಕೈ ಇಳಿಸುವ ತನಕ ಕಾಯುತ್ತ ನಿಂತಳು.